ಸೋರಿಕೆಯ ಲೆಕ್ಕ

(ಪುಣೆಯ ಮಗರಪಟ್ಟಾದಲ್ಲಿ ಕನ್ನಡ ಬಂಧುಗಳ ಮುಂದೆ ಮಾಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ನಾನು ನೀರಾವರಿ ಎಂಜಿನಿಯರು. ಸಾಹಿತಿಗಳು ನಿಲ್ಲಬೇಕಾದ ಜಾಗದಲ್ಲಿ ನನ್ನನ್ನು ನಿಲ್ಲಿಸಿದ್ದೀರಿ. ನನ್ನ ಇಡೀ ನೌಕರಿಯಲ್ಲಿ ನಾನು ಬರೆದ ಸಾಹಿತ್ಯವೆಂದರೆ ನೀರಿನ ಲೆಕ್ಕ ಮಾತ್ರ. ಕಾಲುವೆಯ ತಲೆಯಲ್ಲಿ ಇಷ್ಟು ಬಿಟ್ಟೆವು, ಬಾಲದಲ್ಲಿ ಇಷ್ಟು ಮುಟ್ಟಿತು, ನಡುವೆ ಮಾಯವಾದದ್ದು ಸೋರಿಕೆ. ಆ ಸೋರಿಕೆಯನ್ನು ನಷ್ಟದ ಕಲಮಿನಲ್ಲಿ ಬರೆದು, ಸಹಿ ಹಾಕಿ, ಕಡತ ಕಟ್ಟಿಡುವುದು. ನಿವೃತ್ತನಾಗಿ ಮಗಳ ಮನೆಗೆಂದು ಮಗರಪಟ್ಟಾಕ್ಕೆ ಬಂದ ಮೇಲೆ ಆ ಕಲಮಿನ ಬಗ್ಗೆ ನನಗೆ ಅನುಮಾನ ಹುಟ್ಟಿತು. ಇವತ್ತಿನ ಮಾತೆಲ್ಲ ಆ ಅನುಮಾನದ್ದೇ.

ನಾವು ಕೂತಿರುವ ನೆಲದಿಂದ ಶುರು ಮಾಡುತ್ತೇನೆ. ಮಗರಪಟ್ಟಾ ನಗರಿ ಸುಮಾರು 430 ಎಕರೆ. ಇಲ್ಲಿನ ರೈತ ಕುಟುಂಬಗಳು, 120ಕ್ಕೂ ಮಿಕ್ಕಿ, ತಮ್ಮ ಹೊಲಗಳನ್ನು ಬಿಡಿಬಿಡಿಯಾಗಿ ಮಾರದೆ ಒಟ್ಟುಗೂಡಿಸಿ, ಸತೀಶ ಮಗರ್ ಅವರ ಮುಂದಾಳತ್ವದಲ್ಲಿ ತಾವೇ ಊರು ಕಟ್ಟಿದ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ಕಥೆಯಲ್ಲಿ ಒಂದು ಪಾತ್ರದ ಹೆಸರು ಯಾರೂ ಎತ್ತುವುದಿಲ್ಲ. ಅದು ಕಾಲುವೆ. ನಾವಿರುವ ಈ ಹಡಪಸರದ ಕಡೆ ಕಬ್ಬು ನಿಂತದ್ದು, ತರಕಾರಿ ಬೆಳೆದದ್ದು, ಆ ನೆಲಕ್ಕೆ ಬೆಲೆ ಬಂದದ್ದು ಮುಠಾ ಬಲದಂಡೆ ಕಾಲುವೆಯ ನೀರಿನಿಂದ. ಈಗ ನಮ್ಮ ನಲ್ಲಿಗಳಲ್ಲಿ ನೀರು ಕೊಳವೆಯಲ್ಲಿ ಬರುತ್ತದೆ. ಕಾಲುವೆಯನ್ನು ನಾವು ಕಾಣುವುದು ಸೇತುವೆಯ ಮೇಲೆ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದಾಗ, ಅದೂ ಮೂಗು ಮುಚ್ಚಿಕೊಂಡು.

ಖಡಕವಾಸಲಾ ಅಣೆಕಟ್ಟು 1879ರ ಹೊತ್ತಿಗೆ ಮುಗಿಯಿತು. ಕಟ್ಟಿಸಿದವರು ಫೈಫ್ ಎಂಬ ಎಂಜಿನಿಯರು. ಬಹಳ ದಿನ ಆ ಜಲಾಶಯಕ್ಕೆ ಅವರದೇ ಹೆಸರಿತ್ತು. ಅದರಿಂದ ಎರಡು ಕಾಲುವೆ ಹೊರಟವು. ಬಲದಂಡೆಯದು ಪುಣೆಯನ್ನು ಹಾಯ್ದು, ಹಡಪಸರ ದಾಟಿ, ಪಾಟಸ್ ಊರಿನ ತನಕ, ಸುಮಾರು 112 ಕಿ.ಮೀ. ಎಡದಂಡೆಯದು ಚಿಕ್ಕದು, ಖಡಕಿಯ ಕಡೆಗೆ ಹೋಗಿ ಮುಗಿಯುತ್ತಿತ್ತು. ಅಣೆಕಟ್ಟಿನ ಎತ್ತರ ಹೆಚ್ಚಿಸದೆ ಹೆಚ್ಚು ನೀರು ನಿಲ್ಲಿಸುವುದು ಹೇಗೆ ಎಂಬ ಪ್ರಶ್ನೆಗೆ 1903ರಲ್ಲಿ ಉತ್ತರ ಕೊಟ್ಟವರು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಪ್ರವಾಹ ಏರಿದಾಗ ತಾವೇ ತೆರೆದು, ಇಳಿದಾಗ ತಾವೇ ಮುಚ್ಚಿಕೊಳ್ಳುವ ಅವರ ಬಾಗಿಲುಗಳು ಮೊದಲು ಕೂತದ್ದು ಕನ್ನಂಬಾಡಿಯಲ್ಲಲ್ಲ, ಇಲ್ಲಿ, ಖಡಕವಾಸಲಾದ ಕೋಡಿಯ ಮೇಲೆ. ಅವರು ಓದಿದ್ದೂ ಇದೇ ಪುಣೆಯ ವಿಜ್ಞಾನ ಕಾಲೇಜಿನಲ್ಲಿ. ಪುಣೆಯ ಕನ್ನಡಿಗರು ಈ ಸಂಗತಿಯನ್ನು ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಿಕೊಂಡರೆ ಯಾರೂ ಬೇಸರ ಮಾಡಿಕೊಳ್ಳಲಾರರು.

1961ರ ಜುಲೈ 12ರಂದು ಖಡಕವಾಸಲಾದ ಮೇಲಿನ ಪಾನಶೇತ್ ಅಣೆಕಟ್ಟು ಒಡೆಯಿತು. ಆ ನೀರಿನ ಹೊಡೆತಕ್ಕೆ ಖಡಕವಾಸಲಾವೂ ಒಡೆದು ಪುಣೆಯ ಪೇಟೆಗಳು ಮುಳುಗಿದವು. ಆಮೇಲಿನ ವರ್ಷಗಳಲ್ಲಿ ಇಂದಾಪುರದ ತನಕ 202 ಕಿ.ಮೀ. ಉದ್ದದ ಹೊಸ ಬಲದಂಡೆ ಕಾಲುವೆ ಬಂತು. ಹಳೆಯದಕ್ಕೆ ಕೆಲಸ ಹೋಯಿತು. ಕೆಲಸ ಹೋದ ಮೇಲೆ ಅದಕ್ಕೆ ಜನ ಮುದ್ದಿನ ಹೆಸರಿಟ್ಟರು: ಬೇಬಿ ಕಾಲವಾ. ತೊಂಬತ್ತು ವರ್ಷ ದುಡಿದ ಮುದುಕನಿಗೆ ಕೂಸಿನ ಹೆಸರು. ಎಡದಂಡೆಯದಂತೂ ಊರೊಳಗೆ ಹರಿಯುವುದನ್ನೇ ನಿಲ್ಲಿಸಿತು. ಎರಂಡವಣೆಯಲ್ಲಿ ‘ಕೆನಾಲ್ ರೋಡ್’ ಎಂದು ನೀವು ಓಡಾಡುತ್ತೀರಲ್ಲ, ಅದರ ಹೆಸರಿನಲ್ಲಿ ಮಾತ್ರ ಕೆನಾಲ್ ಉಳಿದಿದೆ.

ಪುಣೆಗೆ ಇದು ಹೊಸತಲ್ಲ. ಈ ಊರು ನೀರನ್ನು ಕಳಕೊಂಡು ಹೆಸರನ್ನು ಉಳಿಸಿಕೊಳ್ಳುವುದರಲ್ಲಿ ನಿಸ್ಸೀಮ. 18ನೇ ಶತಮಾನದ ನಡುವಿನಲ್ಲಿ ನಾನಾಸಾಹೇಬ ಪೇಶ್ವೆ ಕಾತ್ರಜದ ಕೆರೆಯಿಂದ ಶನಿವಾರವಾಡೆಯ ತನಕ ನೆಲದಡಿಯ ಕಲ್ಲುಗಾರೆಯ ಸುರಂಗ ಕಟ್ಟಿಸಿದ. ಪಂಪಿಲ್ಲ, ಯಂತ್ರವಿಲ್ಲ. ಸುಮಾರು 8 ಕಿ.ಮೀ. ದೂರ, ನೆಲದ ಇಳಿಜಾರೊಂದೇ ದುಡಿಮೆ. ಆಳು ಒಳಗಿಳಿದು ಹೂಳೆತ್ತುವಷ್ಟು ಎತ್ತರ. ಅಲ್ಲಲ್ಲಿ ಗಾಳಿಗೆಂದು ಬಿಟ್ಟ ಕಿಂಡಿಗಳು. ಅವಕ್ಕೆ ಇಲ್ಲಿನವರು ‘ಉಚ್ಛ್ವಾಸ’ ಎನ್ನುತ್ತಾರೆ. ಸುರಂಗಕ್ಕೂ ಉಸಿರು ಬೇಕು ಅಂತ ತಿಳಿದವರ ಭಾಷೆ ಅದು. ಆ ನೀರು ಬಂದು ತುಂಬುತ್ತಿದ್ದ ತೊಟ್ಟಿಗಳು ಕಾಳಾ ಹೌದ್, ಬದಾಮಿ ಹೌದ್. ಈಗ ಆ ಹೆಸರಿಗೆ ರಿಕ್ಷಾ ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ. 1890ರಲ್ಲಿ ತಿಳಕರೂ ರಾನಡೆಯವರೂ ಮಿಷನರಿಗಳ ಮನೆಯಲ್ಲಿ ಚಹಾ ಕುಡಿದು ಪ್ರಾಯಶ್ಚಿತ್ತದ ಗದ್ದಲಕ್ಕೆ ಸಿಕ್ಕಿದ್ದು ಪಂಚ ಹೌದ್ ಮಿಷನ್ನಿನಲ್ಲಿ. ಚಹಾದ ಜಗಳ ಎಲ್ಲರಿಗೂ ನೆನಪಿದೆ, ಆ ಐದು ಹೌದುಗಳ ಬಗ್ಗೆ ಯಾರೂ ಕೇಳುವುದಿಲ್ಲ.

ಪಾರ್ವತಿ ಗುಡ್ಡದ ಬುಡದಲ್ಲಿದ್ದ ಪೇಶ್ವೆಗಳ ಕೆರೆಯ ಗತಿ ಇನ್ನೂ ವಿಚಿತ್ರ. ಕೆರೆಯ ನಡುಗಡ್ಡೆಯಲ್ಲಿ ಒಬ್ಬ ಗಣಪತಿ, ದೋಣಿಯಲ್ಲಿ ಹೋಗಿ ದರ್ಶನ ಮಾಡಬೇಕಿತ್ತು. 20ನೇ ಶತಮಾನದಲ್ಲಿ ಕೆರೆ ಬತ್ತಿಸಿ ತೋಟ ಮಾಡಿದರು. 1953ರಲ್ಲಿ ಪೇಶ್ವೆ ಪಾರ್ಕಿನ ಮೃಗಾಲಯ ಬಂತು (ಆ ಪ್ರಾಣಿಗಳೂ ಮುಂದೆ ಕಾತ್ರಜದ ಕೆರೆಯ ದಂಡೆಗೇ ಹೋದವು, ನೀರಿನ ಮೂಲ ಹುಡುಕಿಕೊಂಡು ಹೋದ ಹಾಗೆ), ಸಾರಸ ಬಾಗ್ ಬಂತು. ಗಣಪತಿಯನ್ನು ಇವತ್ತಿಗೂ ಜನ ಕರೆಯುವುದು ‘ತಳ್ಯಾತಲಾ ಗಣಪತಿ’, ಅಂದರೆ ಕೆರೆಯೊಳಗಿನ ಗಣಪತಿ. ಸುತ್ತ ಹುಲ್ಲುಹಾಸು. ಸಂಜೆ ಮಕ್ಕಳು ಆಡುತ್ತಾರೆ, ಭೇಳ್ ತಿನ್ನುತ್ತಾರೆ. ಅದು ಚೆಂದದ ತೋಟ, ನನಗೂ ಇಷ್ಟ. ಆದರೂ ಅಲ್ಲಿ ಕೂತಾಗ ಹಳೆಯ ಚಾಳಿಯಂತೆ ಲೆಕ್ಕ ಹಾಕುತ್ತೇನೆ: ಈ ಕೆರೆಗೆ ಬರುತ್ತಿದ್ದ ಅಂಬಿಲ್ ಓಢಾ ಹಳ್ಳದ ನೀರು ಮೊದಲು ಎಲ್ಲಿ ನಿಲ್ಲುತ್ತಿತ್ತು? 2019ರ ಸೆಪ್ಟೆಂಬರ್ 25ರ ರಾತ್ರಿ ಅಂಬಿಲ್ ಓಢಾ ಉಕ್ಕಿ, ಕಾತ್ರಜದಿಂದ ಕೆಳಕ್ಕೆ ಮನೆಗಳನ್ನು, ವಾಹನಗಳನ್ನು, ಮನುಷ್ಯರನ್ನು ಎಳೆದುಕೊಂಡು ಹೋಯಿತು. ತೋಟವೇ ಅದಕ್ಕೆ ಕಾರಣ ಎಂದು ಹೇಳುವಷ್ಟು ಅವಿವೇಕಿ ನಾನಲ್ಲ. ಹಳ್ಳದ ದಾರಿಯಲ್ಲಿ ನಾವು ಮಾಡಿದ ಒತ್ತುವರಿಗಳು ಒಂದೆರಡಲ್ಲ. ಆದರೆ ಒಂದು ಕೆರೆ ಕಡತದಲ್ಲಿ ‘ನಿರುಪಯುಕ್ತ’ ಆದಾಗ ಅದು ಕಡತದಲ್ಲಿಲ್ಲದ ಎಷ್ಟೋ ಕೆಲಸ ಮಾಡುತ್ತಿತ್ತು ಎಂಬುದು ಮಳೆಗೆ ನೆನಪಿರುತ್ತದೆ.

ನಮ್ಮ ಬೆಂಗಳೂರಿನಲ್ಲಿ ಆದದ್ದೂ ಇದೇ. 1896ರಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಊರಿಗೆ ಬಂತು. ಬಂದದ್ದೇ ತಡ, ಊರೊಳಗಿನ ಕೆರೆಗಳು ನಿರುದ್ಯೋಗಿಗಳಾದವು. ಧರ್ಮಾಂಬುಧಿ ಬತ್ತಿ ಮೈದಾನವಾಯಿತು, ಮೈದಾನ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. 1882ರ ಸ್ಯಾಂಕಿ ಕೆರೆ ಮಾತ್ರ ನೀರಿನ ಜೊತೆಗೇ ಉದ್ಯಾನವಾಗಿ ಉಳಿಯಿತು. ಮೈಸೂರಿನಲ್ಲಿ ಕಾರಂಜಿ ಕೆರೆ ಮೃಗಾಲಯದ ಸುಪರ್ದಿಗೆ ಬಂದು, ದೋಣಿ, ಚಿಟ್ಟೆಯ ತೋಟ, ನಡೆದು ನೋಡುವ ಪಕ್ಷಿಧಾಮ ಎಲ್ಲ ಆಗಿಯೂ ಕೆರೆಯಾಗಿಯೇ ಇದೆ. ಈ ಎರಡು ಉಳಿದು ಆ ಎರಡು ಅಳಿದದ್ದಕ್ಕೆ ಕಾರಣಗಳು ಹಲವು. ನನಗೆ ಮುಖ್ಯವಾಗಿ ಕಾಣುವುದು ಒಂದು. ಉಳಿದವಕ್ಕೆ ಕೇಳುವವರಿದ್ದರು.

ನಮ್ಮ ಹಳ್ಳಿಗಳಲ್ಲಿ ಆ ಕೇಳುವವನಿಗೆ ನೀರಗಂಟಿ ಅನ್ನುತ್ತೇವೆ. ತೂಬು ಎತ್ತುವವನು ಅವನೇ, ಏರಿಯಲ್ಲಿ ಇಲಿಬಿಲ ಕಂಡರೆ ಮುಚ್ಚುವವನೂ ಅವನೇ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಬಾಯಲ್ಲೇ ಲೆಕ್ಕ ಇಡುತ್ತಾನೆ. ಇಲ್ಲಿ ಮರಾಠಿಯಲ್ಲಿ ಅವನು ಪಾಟಕರಿ. ‘ಪಾಟ’ ಅಂದರೆ ನೀರು ಹರಿಯುವ ಕಾಲುವೆ. ಕೆರೆ ಸಾಯುವುದು ನೀರು ಬತ್ತಿದಾಗ ಅಂತ ನಾನೂ ಬಹಳ ಕಾಲ ತಿಳಿದಿದ್ದೆ. ಈಗ ಅನಿಸುತ್ತದೆ, ಮೊದಲು ನೀರಗಂಟಿಯ ಹುದ್ದೆ ಹೋಗುತ್ತದೆ, ನೀರು ಆಮೇಲೆ ಹೋಗುತ್ತದೆ.

ನಾನು ಹುಟ್ಟಿದ್ದು ವಿಜಯಪುರದಲ್ಲಿ. ಅಲ್ಲಿನ ತಾಜ್ ಬಾವಡಿ 1620ರದು, ಎರಡನೇ ಇಬ್ರಾಹಿಂ ಆದಿಲಶಾಹಿಯ ಕಾಲದ್ದು. ಕಮಾನಿನ ಕೆಳಗಿಂದ ಹೊಕ್ಕರೆ ಎದುರಿಗೆ ಕೆರೆಯಂಥ ಬಾವಿ. ನನ್ನ ಬಾಲ್ಯದಲ್ಲಿ ಅದರಲ್ಲಿ ಈಜು ಕಲಿತವರಿದ್ದರು. ನಾನು ಕಲಿಯಲಿಲ್ಲ, ನಮ್ಮವ್ವ ಬಿಡಲಿಲ್ಲ. ನಡುವಿನ ವರ್ಷಗಳಲ್ಲಿ ಅದು ಗಣಪತಿ ವಿಸರ್ಜನೆಗೂ ಊರಿನ ಕಸಕ್ಕೂ ಒದಗಿ ಬಂದು, ಹತ್ತಿರ ನಿಲ್ಲಲಾಗದಂತಾಗಿತ್ತು. ಕಳೆದ ದಶಕದಲ್ಲಿ ಊರಿನ ಬಾವಡಿಗಳ ಹೂಳೆತ್ತಿದರು. ಹೂಳೆತ್ತಿದ ಮೇಲೆ ಒರತೆಯ ನೀರು ತಾನಾಗಿ ಬಂತು. ನಾಲ್ಕು ನೂರು ವರ್ಷದ ಬಾವಿ ಜಾತಕ ಕೇಳಲಿಲ್ಲ, ಕಮಿಟಿ ಕೇಳಲಿಲ್ಲ, ಕೆಲಸ ಶುರು ಮಾಡಿತು.

ಬೀದರದ ಕಥೆಯನ್ನು ಮಾತ್ರ ಸ್ವಲ್ಪ ನಿಂತು ಹೇಳಬೇಕು. ಬಹಮನಿಗಳು 15ನೇ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದರು. ಬೀದರ ಕೂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಆ ಕಲ್ಲು ಸ್ಪಂಜಿನಂತೆ ನೀರು ಕುಡಿಯುತ್ತದೆ, ಕೆಳಗಿನ ಕರಿಗಲ್ಲು ಅದನ್ನು ತಡೆಯುತ್ತದೆ. ಈ ಎರಡರ ನಡುವಿನ ನೀರಿಗೆ ಪರ್ಷಿಯಾದ ವಿದ್ಯೆಯಲ್ಲಿ ಸುರಂಗ ತೋಡಿದರು. ಅದು ಕರೇಜ್. ಜನರ ಬಾಯಲ್ಲಿ ಸುರಂಗ ಬಾವಿ. ನೌಬಾದಿನದು ಸುಮಾರು 3 ಕಿ.ಮೀ. ಉದ್ದ. ನೆಲದ ಮೇಲೆ ಸಾಲು ಬಾವಿಗಳಂತೆ ಕಾಣುವುದೆಲ್ಲ ಅದರ ಗಾಳಿಕಿಂಡಿಗಳು, ಪುಣೆಯವರ ಉಚ್ಛ್ವಾಸಗಳು. ಕಾಲ ಕಳೆದು ಆ ಕಿಂಡಿಗಳಿಗೆ ಕಸ ತುಂಬಿತು, ಮೇಲೆ ಬಡಾವಣೆ ಎದ್ದಿತು, ಒಳಗೆ ಸುರಂಗವಿದೆ ಎಂಬುದೇ ಮರೆತುಹೋಯಿತು. ಭೂಗೋಳದ ಪ್ರಾಧ್ಯಾಪಕ ಗೋವಿಂದನ್‌ಕುಟ್ಟಿ ಅವರಂಥವರು ಒಳಗೆ ತೆವಳಿ ನಕ್ಷೆ ಮಾಡಿದರು. 2015ರ ಸುಮಾರಿಗೆ ಜಿಲ್ಲಾಡಳಿತ, ಊರಿನ ಉತ್ಸಾಹಿಗಳು, ಪರಂಪರೆಯ ಕೆಲಸಗಾರರು ಸೇರಿ ಹೂಳು ಎತ್ತಿಸಿದರು. ಅಲ್ಲೂ ನೀರು ಬಂತು. 2020ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಹಳೆಯ ನೀರಿನ ವ್ಯವಸ್ಥೆಗಳು ಜಾಗತಿಕ ಸ್ಮಾರಕಗಳ ನಿಗಾ ಪಟ್ಟಿಗೆ ಸೇರಿದವು. ಕರೇಜು ನಮಗೆ ಹೇಳುವುದು ನನ್ನ ಕಸುಬಿಗೆ ತದ್ವಿರುದ್ಧ. ನಾವು ಸೋರುವ ನೀರನ್ನು ನಷ್ಟವೆಂದು ಬರೆದೆವು. ಅದನ್ನು ತೋಡಿದವರಿಗೆ ಆ ಸೋರಿಕೆಯೇ ಬಂಡವಾಳವಾಗಿತ್ತು.

ಹೊರದೇಶದ ಉದಾಹರಣೆ ಒಂದೇ ಸಾಕು. ನ್ಯೂಯಾರ್ಕ್ ನಗರಕ್ಕೆ 1842ರಲ್ಲಿ ಕ್ರೋಟನ್ ಹೊಳೆಯ ನೀರು ತಂದ ಇಟ್ಟಿಗೆಯ ಸುರಂಗ, ಸುಮಾರು 66 ಕಿ.ಮೀ., ನಮ್ಮ ಕಾತ್ರಜದ್ದರಂತೆ ಬರೀ ಇಳಿಜಾರಿನ ಮೇಲೆ ನಡೆದದ್ದು. ಇನ್ನೂ ದೊಡ್ಡ ಸುರಂಗಗಳು ಬಂದ ಮೇಲೆ ಅದಕ್ಕೂ ಕೆಲಸ ಹೋಯಿತು. 1968ರಲ್ಲಿ ಅದರ 26 ಮೈಲಿಯ ನೆಲವನ್ನು ಸರ್ಕಾರ ಉದ್ಯಾನವೆಂದು ತೆಗೆದುಕೊಂಡಿತು. ಇವತ್ತು ಅದು ಊರೂರುಗಳ ಹಿತ್ತಲಿನಲ್ಲಿ ಹಾಯುವ ಮಣ್ಣಿನ ಕಾಲುದಾರಿ. ದಾರಿಯುದ್ದಕ್ಕೂ ಕಲ್ಲಿನ ಗಾಳಿಗೋಪುರಗಳು ಹಾಗೇ ನಿಂತಿವೆ. ಮತ್ತೊಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಆ ಕಾಲುವೆಗೆ ಕಾವಲುಗಾರರಿದ್ದರು, ಅವರಿಗೆ ಕಾಲುವೆಯ ಪಕ್ಕದಲ್ಲೇ ಮನೆ. ಡಾಬ್ಸ್ ಫೆರಿ ಎಂಬಲ್ಲಿ 1857ರ ಅಂಥ ಮನೆಯೊಂದನ್ನು ದುರಸ್ತಿ ಮಾಡಿ, ಬಂದವರಿಗೆ ಕಾಲುವೆಯ ಕಥೆ ಹೇಳುವ ಜಾಗ ಮಾಡಿದ್ದಾರೆ. ಅಮೆರಿಕದವರು ತಮ್ಮ ನೀರಗಂಟಿಯ ಮನೆ ಉಳಿಸಿಕೊಂಡಿದ್ದಾರೆ. ನಾವು ಖಡಕವಾಸಲಾದ ಕಾಲುವೆಯ ಮೇಲಿದ್ದ ಚೌಕಿಗಳನ್ನು ಏನು ಮಾಡಿದೆವು ಎಂದು ಕೇಳಿಕೊಂಡರೆ ಸಾಕು.

ಇದನ್ನೆಲ್ಲ ಈಗೇಕೆ ಹೇಳುತ್ತಿದ್ದೇನೆ? ಏಕೆಂದರೆ ಹಡಪಸರದವರಿಗೆ ಪ್ರಶ್ನೆ ಬಾಗಿಲಿಗೇ ಬಂದಿದೆ. ಖಡಕವಾಸಲಾದಿಂದ ಫುರಸುಂಗಿಯ ತನಕ ಸುಮಾರು 28 ಕಿ.ಮೀ. ಸುರಂಗ ಕೊರೆದು, ಊರೊಳಗೆ ತೆರೆದು ಹರಿಯುವ ಕಾಲುವೆಯ ನೀರನ್ನು ಅದರಲ್ಲಿ ಒಯ್ಯುವ ಯೋಜನೆಗೆ ಮಹಾರಾಷ್ಟ್ರ ಸರ್ಕಾರ ಒಪ್ಪಿಗೆ ಕೊಟ್ಟಿದೆ. ಇದರಿಂದ ವರ್ಷಕ್ಕೆ ಎರಡು ಟಿ.ಎಂ.ಸಿ.ಗೂ ಹೆಚ್ಚು ನೀರು ಉಳಿಯುತ್ತದೆ ಎಂಬುದು ಯೋಜನೆಯ ಲೆಕ್ಕ. ಯೋಜನೆಗೆ ನಾನು ವಿರೋಧಿಯಲ್ಲ. 2018ರ ಸೆಪ್ಟೆಂಬರ್ 27ರಂದು ಜನತಾ ವಸಾಹತಿನ ಬಳಿ ಕಾಲುವೆಯ ಗೋಡೆ ಒಡೆದು, ದಾಂಡೇಕರ್ ಪೂಲ್ ಕಡೆಯ ಗುಡಿಸಲುಗಳಿಗೆ ನೀರು ನುಗ್ಗಿ, ನೂರಾರು ಸಂಸಾರಗಳ ಪಾತ್ರೆ ಪಗಡೆ ತೇಲಿಹೋದವು. ಸಿಂಹಗಡ ರಸ್ತೆ ಹೊಳೆಯಾಯಿತು. ಸಾವಿರಾರು ಜನರ ನೆತ್ತಿಯ ಮೇಲೆ ಮಣ್ಣಿನ ದಂಡೆ ಹಿಡಿದ ನೀರು ಹರಿಯುವುದು ಸುಖದ ಸಂಗತಿಯಲ್ಲ.

ಆದರೆ ಆ ಎರಡು ಟಿ.ಎಂ.ಸಿ. ಉಳಿತಾಯದಲ್ಲಿ ನನ್ನ ಹಳೆಯ ಗೆಳತಿ ಸೋರಿಕೆಯೂ ಸೇರಿದ್ದಾಳೆ. ಕಳ್ಳತನದಲ್ಲಿ ಹೋಗುವ ನೀರು, ಬಿಸಿಲಿಗೆ ಆವಿಯಾಗುವ ನೀರು ನಿಜವಾಗಿ ನಷ್ಟ. ನೆಲಕ್ಕಿಳಿದದ್ದು ಎಲ್ಲಿ ಹೋಯಿತು? ಈ ನೆಲದಡಿ ಕರಿಕಲ್ಲು, ಅದರ ಮೇಲೆ ಮುರುಮು, ಅಂದರೆ ಸವೆದ ಕಲ್ಲಿನ ಜಲ್ಲಿಮಣ್ಣು. ನೀರು ಮುರುಮಿನಲ್ಲಿ ಹರಿದು, ಕಲ್ಲಿನ ಬಿರುಕಿಗೆ ಸೇರಿ, ಕಾಲುವೆಯ ಕೆಳಮಗ್ಗುಲಿನ ಬಾವಿಗಳಿಗೆ ಬಂತು. ಬೇಸಿಗೆಯಲ್ಲಿ ಟ್ಯಾಂಕರ್ ಬರುವ ಮೊದಲು ಇಲ್ಲಿನ ಎಷ್ಟೋ ಕಟ್ಟಡಗಳ ಬೋರ್‌ವೆಲ್‌ಗಳು ಕುಡಿದದ್ದು ಇದೇ ನೀರನ್ನು. ಕಾಲುವೆಯ ದಂಡೆಯ ಅತ್ತಿಮರ, ಹೊಂಗೆ, ಜಾಲಿ ಬೆಳೆದದ್ದೂ ಇದರಿಂದಲೇ. ಆ ಮರದ ಕೊಂಬೆಯಿಂದ ನೀರಿಗೆ ಧುಮುಕುವ ಮಿಂಚುಳ್ಳಿಯ ಹೆಸರು ಯಾವ ಫಲಾನುಭವಿಗಳ ಪಟ್ಟಿಯಲ್ಲೂ ಇಲ್ಲ. ದಂಡೆಯ ಕಲ್ಲಿನ ಮೇಲೆ ಬಟ್ಟೆ ಒಗೆಯುವ ಹೆಂಗಸರ ಹೆಸರೂ ಇಲ್ಲ.

ಕಾಲುವೆ ಖಾಲಿಯಾದ ಮರುದಿನ ಏನಾಗುತ್ತದೆ ಎಂದು ಊಹಿಸಲು ಎಂಜಿನಿಯರಿಂಗ್ ಓದಬೇಕಿಲ್ಲ. ಊರ ನಡುವೆ ಉದ್ದಕ್ಕೆ ಸಿಕ್ಕ ಸರ್ಕಾರಿ ನೆಲ. ಮೊದಲು ರಸ್ತೆ ಎನ್ನುತ್ತಾರೆ. ರಸ್ತೆ ಆಗದಿದ್ದರೆ ಸೌಂದರ್ಯೀಕರಣ ಎನ್ನುತ್ತಾರೆ. ಈ ಎರಡನೆಯ ಶಬ್ದ ಕೇಳಿದರೆ ನನಗೆ ಹೆಚ್ಚು ಹೆದರಿಕೆ. ತಳಕ್ಕೆ ಕಾಂಕ್ರೀಟು, ದಂಡೆಗೆ ಟೈಲ್ಸು, ನಡುವೆ ಬಣ್ಣದ ದೀಪದ ಕಾರಂಜಿ, ಗೇಟಿಗೆ ರಾತ್ರಿ ಬೀಗ. ನೀರು ಇಳಿಯಲು ಒಂದು ಬೊಗಸೆ ಮಣ್ಣಿಲ್ಲ, ಗುಡಿಸಲಿನ ಹುಡುಗರು ಒಳಗೆ ಬರುವಂತಿಲ್ಲ.

ನನ್ನನ್ನು ಕೇಳಿದರೆ, ಮಣ್ಣಿನ ತಳವನ್ನು ಮಣ್ಣಾಗಿಯೇ ಬಿಡಿ. ಗುಡ್ಡದ ಕಡೆಯಿಂದ ಬರುವ ಮಳೆನೀರನ್ನು ಅದಕ್ಕೆ ಬಿಟ್ಟು, ಇನ್ನೂರು ಮೀಟರಿಗೊಂದು ಗಿಡ್ಡ ಕಟ್ಟೆ ಹಾಕಿ ನಿಲ್ಲಿಸಿ. ಉದ್ದ ಕಾಲುವೆ ಆಗ ಮಣಿಸರದ ಹಾಗೆ ಸಣ್ಣ ಸಣ್ಣ ಕೆರೆಗಳ ಸಾಲಾಗುತ್ತದೆ. ನಡೆಯುವ ದಾರಿಗೆ ಮುರುಮು ಸಾಕು. ಬೇಸಿಗೆಗೆ ನೀರೆಲ್ಲಿ ಎಂದರೆ, ಉತ್ತರ ನಮ್ಮ ಪಕ್ಕದ ಸಾಡೇಸತ್ರಾ ನಳಿಯಲ್ಲೇ ಇದೆ. ಹದಿನೇಳೂವರೆ ನಳಿ! ಇಂಥ ಲೆಕ್ಕಾಚಾರದ ಹೆಸರು ನಾನು ಬೇರೆಲ್ಲೂ ಕೇಳಿಲ್ಲ. ಮುಂಢವಾದ ಜ್ಯಾಕ್‌ವೆಲ್‌ನಿಂದ ನಗರದ ಶುದ್ಧೀಕರಿಸಿದ ಕೊಳಚೆ ನೀರನ್ನು ಎತ್ತಿ ಇಲ್ಲಿಗೆ ತಂದು, ಬೇಬಿ ಕಾಲುವೆಗೆ ಬಿಟ್ಟು, ಕೆಳಗಿನ ರೈತರಿಗೆ ಕೊಡುವ ವ್ಯವಸ್ಥೆ ಕಳೆದ ದಶಕದಿಂದ ಇದೆ. ನಿವೃತ್ತ ಕಾಲುವೆಗೆ ಎರಡನೇ ನೌಕರಿ ಸಿಕ್ಕಿದ್ದು ಹಾಗೆ. ಆ ನೀರಿನ ಗುಣದ ಬಗ್ಗೆ ರೈತರ ತಕರಾರಿದೆ, ತಕರಾರು ಸುಳ್ಳೂ ಅಲ್ಲ. ನೀರು ಇನ್ನಷ್ಟು ಶುದ್ಧವಾಗಬೇಕು. ಅದಾದ ಮೇಲೆ ಅದರ ಒಂದು ಪಾಲು ಊರೊಳಗಿನ ಕಾಲುವೆಗೂ ಬರಬಹುದು, ಜೊಂಡು ಬೆಳೆಸಿದರೆ ಇನ್ನೊಂದಿಷ್ಟು ತಿಳಿಯಾಗುತ್ತದೆ. ಅಂತರಗಂಗೆ ಹಬ್ಬದಂತೆ ನೋಡಿಕೊಳ್ಳಲು ಮಾತ್ರ ದಿನಾ ಕಣ್ಣಿಡುವ ಮನುಷ್ಯ ಬೇಕು.

ಅದಕ್ಕೇ ಪಾಟಕರಿಯ ಹುದ್ದೆಯನ್ನು ಮತ್ತೆ ಸೃಷ್ಟಿಸಿ ಎನ್ನುತ್ತೇನೆ. ಗುತ್ತಿಗೆಯ ಸೆಕ್ಯುರಿಟಿ ಗಾರ್ಡ್ ಅಲ್ಲ. ಮೂರು ಕಿ.ಮೀ.ಗೆ ಒಬ್ಬ, ಸಂಬಳ, ದಂಡೆಯ ಮೇಲೊಂದು ಮನೆ, ಕೈಯಲ್ಲಿ ಗುದ್ದಲಿ. ಆ ಕೆಲಸಕ್ಕೆ ಮೊದಲ ಹಕ್ಕು ದಂಡೆಯ ಗುಡಿಸಲುಗಳಲ್ಲಿ ಇರುವವರದು. 2018ರಲ್ಲಿ ಕಾಲುವೆ ಒಡೆದಾಗ ಒದ್ದೆಯಾದವರು ಅವರೇ, ಅದರ ಮರ್ಜಿ ಬಲ್ಲವರೂ ಅವರೇ. ಈ ಮಾತಿಗೆ ನಮ್ಮ ಸೊಸೈಟಿಗಳಲ್ಲಿ ಮುಖ ಸಿಂಡರಿಸುವವರಿದ್ದಾರೆ ಎಂದು ಗೊತ್ತು. ಎರಡು ಹೆಸರು ನನ್ನ ನಾಲಿಗೆಯ ತುದಿಯಲ್ಲಿವೆ, ಇಬ್ಬರೂ ಈ ಸಭೆಯಲ್ಲಿದ್ದಾರೆ, ಒಬ್ಬರು ನನ್ನ ಬೀಗರು, ಆದ್ದರಿಂದ ಹೇಳುವುದಿಲ್ಲ.

ಸುರಂಗ ಆಗಲು ಇನ್ನೂ ವರ್ಷಗಳು ಬೇಕು. ಅಷ್ಟರೊಳಗೆ ಒಂದು ಸಣ್ಣ ಕೆಲಸ ನಾವೇ ಮಾಡಬಹುದು. ಕಾಲುವೆಯ ಕೆಳಮಗ್ಗುಲಲ್ಲಿ ಉಳಿದಿರುವ ಹಳೆಯ ಬಾವಿಗಳು ಎಷ್ಟು, ಕಾಲುವೆಯಲ್ಲಿ ನೀರು ಬಿಟ್ಟಾಗ ಅವುಗಳ ಮಟ್ಟ ಎಷ್ಟು ಏರುತ್ತದೆ, ನಿಲ್ಲಿಸಿದಾಗ ಎಷ್ಟು ದಿನಕ್ಕೆ ಇಳಿಯುತ್ತದೆ ಎಂದು ಅಳೆದು ಬರೆದಿಡುವುದು. ಕಾಲುವೆಗೆ ನೀರು ಬಿಡುವ ಪ್ರತಿ ಸರದಿಯಲ್ಲಿ, ಬಿಡುವ ಮೊದಲು ಒಮ್ಮೆ, ಬಿಟ್ಟಾಗ ಒಮ್ಮೆ, ನಿಲ್ಲಿಸಿದ ಮೇಲೆ ಮಟ್ಟ ಇಳಿಯುವ ತನಕ ದಿನಾ ಅಳೆದರೆ ಸಾಕು. ಕಾಲುವೆ ನಿಂತ ಮೇಲೆ ಈ ಅಳತೆಯನ್ನು ಯಾರೂ ಮಾಡಲಾಗದು. ಮುಂದಿನ ಭಾನುವಾರ ಬೆಳಿಗ್ಗೆ ಆರೂವರೆಗೆ ಹಡಪಸರದ ಹಳೇ ಊರಿನಿಂದ ಶುರು ಮಾಡೋಣ. ಮಕ್ಕಳನ್ನೂ ಕರೆದುಕೊಂಡು ಬನ್ನಿ, ಬಾವಿಯ ಹತ್ತಿರ ಮಾತ್ರ ಕೈ ಹಿಡಿದುಕೊಂಡಿರಿ. ಗಂಟು ಹಾಕಿದ ಹಗ್ಗ, ತುದಿಗೆ ಕಟ್ಟುವ ಕಲ್ಲು, ಬರೆಯಲು ವಹಿ, ಮೂರನ್ನೂ ನಾನು ತರುತ್ತೇನೆ. ವಹಿಯಲ್ಲಿ ನಷ್ಟದ ಕಲಮು ಹಾಕಿಲ್ಲ.